ಡಿಸ್ಕ್ರೀಟ್ ಗಣಿತವನ್ನು ಕೈಯಲ್ಲಿ ಬರೆದು ಕಲಿಯುವ ಕ್ರಮ

ಪಿಯುಸಿ ಮುಗಿಸಿ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಕುಮಟಾ ಅಥವಾ ಶಿರಸಿಯಲ್ಲಿ ಬಿಸಿಎ ಸೇರಿದವರಿಗೂ, ಎಂಜಿನಿಯರಿಂಗ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಅಥವಾ ಇನ್ಫರ್ಮೇಶನ್ ಸೈನ್ಸ್ ಆಯ್ದುಕೊಂಡವರಿಗೂ ಮೊದಲ ಒಂದೆರಡು ವರ್ಷಗಳಲ್ಲಿ ಎದುರಾಗುವ ವಿಷಯ ಡಿಸ್ಕ್ರೀಟ್ ಗಣಿತ, ಅಂದರೆ ಬಿಡಿಬಿಡಿಯಾಗಿ ಎಣಿಸಬಹುದಾದ ವಸ್ತುಗಳ ಗಣಿತ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಠ್ಯಕ್ರಮವಿರಲಿ, ವಿಟಿಯು ಪಠ್ಯಕ್ರಮವಿರಲಿ, ಅಧ್ಯಾಯಗಳ ಅನುಕ್ರಮ ಬದಲಾಗಬಹುದೇ ಹೊರತು ಒಳಗಿನ ವಸ್ತು ಬಹುಮಟ್ಟಿಗೆ ಒಂದೇ: ತರ್ಕ, ಸೆಟ್ಟುಗಳು, ಸಂಬಂಧಗಳು, ಫಂಕ್ಷನ್‌ಗಳು, ಸಾಧನೆಯ (ಪ್ರೂಫ್) ವಿಧಾನಗಳು, ಎಣಿಕೆ, ಗ್ರಾಫ್ (ಬಿಂದುಗಳನ್ನು ಗೆರೆಗಳಿಂದ ಕೂಡಿಸಿದ ಜಾಲ) ಮತ್ತು ಟ್ರೀ. ಪಿಯುಸಿಯಲ್ಲಿ ವಾಣಿಜ್ಯ ಓದಿ ಬಂದವರು ಈ ಪಟ್ಟಿಯನ್ನು ನೋಡಿ ಹೆದರುವುದುಂಟು. ಆದರೆ ಇದರಲ್ಲಿ ಕ್ಯಾಲ್ಕುಲಸ್ ಬಹುತೇಕ ಬೇಕಾಗುವುದಿಲ್ಲ. ಹತ್ತನೆಯ ತರಗತಿಯ ಅಂಕಗಣಿತ ಮತ್ತು ಬೀಜಗಣಿತ ಕೈವಶವಿದ್ದರೆ ಆರಂಭಕ್ಕೆ ಸಾಕು.

ಕಷ್ಟವಿರುವುದು ಬೇರೆ ಕಡೆ. ಇಲ್ಲಿ ಸೂತ್ರಕ್ಕೆ ಬೆಲೆ ಹಾಕಿ ಉತ್ತರ ಪಡೆಯುವ ಲೆಕ್ಕಗಳು ಕಡಿಮೆ, ಪ್ರತಿ ಪ್ರಶ್ನೆಯಲ್ಲೂ ಒಂದು ವಾಕ್ಯವನ್ನು ನಿಖರವಾಗಿ ಅರ್ಥಮಾಡಿಕೊಳ್ಳುವ ಕೆಲಸವೇ ಹೆಚ್ಚು. ಆದ್ದರಿಂದ ಬಿಡಿಸಿದ ಲೆಕ್ಕಗಳನ್ನು ಓದುತ್ತಾ ಹೋದರೆ ಎಲ್ಲವೂ ತಿಳಿದಂತೆ ತೋರುತ್ತದೆ, ಪರೀಕ್ಷೆಯಲ್ಲಿ ಖಾಲಿ ಹಾಳೆಯ ಮುಂದೆ ಏನೂ ಹೊಳೆಯುವುದಿಲ್ಲ. ಇದಕ್ಕೆ ನಾನು ಸೂಚಿಸುವ ಪರಿಹಾರ ಒಂದೇ: ಪ್ರತಿ ಹೊಸ ವ್ಯಾಖ್ಯೆ ಬಂದಾಗ ಅದರ ಅತಿ ಸಣ್ಣ ಉದಾಹರಣೆಯನ್ನು ಕೈಯಲ್ಲಿ ಪೂರ್ತಿಯಾಗಿ ಬರೆಯಿರಿ, ನಂತರ ಸಾಮಾನ್ಯ ಹೇಳಿಕೆಯನ್ನು ನಿಮ್ಮದೇ ವಾಕ್ಯದಲ್ಲಿ ಬರೆಯಿರಿ, ಆಮೇಲೆ ಅದನ್ನು ಸಾಧಿಸಿ, ಕೊನೆಗೆ ಹತ್ತು ಸಾಲಿನ ಪ್ರೋಗ್ರಾಂ ಬರೆದು ದೊಡ್ಡ ಉದಾಹರಣೆಯ ಮೇಲೆ ಓಡಿಸಿ. ಮುಂದಿನ ಎಲ್ಲ ಹೆಜ್ಜೆಗಳೂ ಈ ಕ್ರಮವನ್ನೇ ಅನುಸರಿಸುತ್ತವೆ.

ಮೊದಲ ಹೆಜ್ಜೆ: ತರ್ಕಕ್ಕೆ ಎರಡು ವಾರ ಕೊಡಿ

ತರ್ಕದ ಅಧ್ಯಾಯವನ್ನು ಸುಲಭವೆಂದು ದಾಟಿಸಿದವರು ಉಳಿದ ಅಧ್ಯಾಯಗಳಲ್ಲಿ ಎಡವುತ್ತಾರೆ. ಟ್ರುತ್ ಟೇಬಲ್ (ವಾಕ್ಯ ಯಾವಾಗ ನಿಜ, ಯಾವಾಗ ಸುಳ್ಳು ಎಂದು ತೋರಿಸುವ ಕೋಷ್ಟಕ) ಹಾಕುವುದು ಒಂದೇ ದಿನದಲ್ಲಿ ಬರುತ್ತದೆ. ‘ಹೀಗಾದರೆ ಹಾಗೆ’ ಎಂಬ ಷರತ್ತಿನ ವಾಕ್ಯವನ್ನು ಸರಿಯಾಗಿ ಓದುವುದಕ್ಕೆ ಹೆಚ್ಚು ದಿನ ಬೇಕು. ನಮ್ಮ ಕರಾವಳಿಯ ಮಳೆಗಾಲದ ಮಾತನ್ನೇ ತೆಗೆದುಕೊಳ್ಳೋಣ: ‘ರೆಡ್ ಅಲರ್ಟ್ ಬಂದರೆ ಶಾಲೆಗೆ ರಜೆ’. ಈ ಮಾತು ಸುಳ್ಳಾಗುವುದು ಒಂದೇ ಸಂದರ್ಭದಲ್ಲಿ, ಅಂದರೆ ರೆಡ್ ಅಲರ್ಟ್ ಬಂದೂ ರಜೆ ಸಿಗದಿದ್ದಾಗ. ಅಲರ್ಟ್ ಇಲ್ಲದೆ ಬೇರೆ ಕಾರಣಕ್ಕೆ ರಜೆ ಕೊಟ್ಟರೆ ಮಾತು ಮುರಿಯಲಿಲ್ಲ. ಅಲರ್ಟೂ ಇಲ್ಲ, ರಜೆಯೂ ಇಲ್ಲ ಎಂದಾದರೂ ಮುರಿಯಲಿಲ್ಲ. ಈ ನಾಲ್ಕು ಸಾಲುಗಳನ್ನು ಬರೆದ ಮೇಲೆ ‘ರಜೆ ಇದೆ, ಆದ್ದರಿಂದ ರೆಡ್ ಅಲರ್ಟ್ ಇದ್ದಿರಬೇಕು’ ಎನ್ನುವುದು ಏಕೆ ತಪ್ಪು, ‘ರಜೆ ಇಲ್ಲ, ಆದ್ದರಿಂದ ರೆಡ್ ಅಲರ್ಟ್ ಇರಲಿಲ್ಲ’ ಎನ್ನುವುದು ಏಕೆ ಸರಿ ಎಂಬುದು ತಾನಾಗಿ ಕಾಣುತ್ತದೆ. ಮೊದಲನೆಯದು ಕಾನ್ವರ್ಸ್, ಎರಡನೆಯದು ಕಾಂಟ್ರಾಪಾಸಿಟಿವ್. ಮುಂದೆ ಅರ್ಧದಷ್ಟು ಸಾಧನೆಗಳು ಇವೆರಡರ ವ್ಯತ್ಯಾಸದ ಮೇಲೆಯೇ ನಿಲ್ಲುತ್ತವೆ.

ಎರಡನೆಯ ವಾರ ಕ್ವಾಂಟಿಫೈಯರ್‌ಗಳಿಗೆ, ಅಂದರೆ ‘ಎಲ್ಲ’, ‘ಒಂದಾದರೂ ಇದೆ’ ಎಂಬಂಥ ಮಾತುಗಳಿಗೆ ಇರಲಿ. ‘ಪ್ರತಿ ವಿದ್ಯಾರ್ಥಿಗೂ ಕಾಲೇಜಿಗೆ ಹೋಗಲು ಒಂದು ಬಸ್ಸಿದೆ’ ಎಂಬುದಕ್ಕೂ ‘ಎಲ್ಲ ವಿದ್ಯಾರ್ಥಿಗಳಿಗೂ ಆಗುವ ಒಂದೇ ಬಸ್ಸಿದೆ’ ಎಂಬುದಕ್ಕೂ ಬಹಳ ಅಂತರವಿದೆ. ಚಿಹ್ನೆಗಳಲ್ಲಿ ಬರೆದಾಗ ‘ಎಲ್ಲ’ ಮತ್ತು ‘ಇದೆ’ ಎಂಬುವುಗಳ ಸ್ಥಾನ ಮಾತ್ರ ಅದಲುಬದಲಾಗಿರುತ್ತದೆ. ಎರಡನೆಯದು ನಿಜವಾದರೆ ಮೊದಲನೆಯದು ನಿಜವೇ, ಆದರೆ ಮೊದಲನೆಯದರಿಂದ ಎರಡನೆಯದು ಬರುವುದಿಲ್ಲ. ಹಾಗೆಯೇ ‘ಜಿಲ್ಲೆಯ 12 ತಾಲೂಕುಗಳಲ್ಲೂ ಇಂದು ಮಳೆಯಾಗಿದೆ’ ಎಂಬುದರ ನಿಷೇಧ ‘ಯಾವ ತಾಲೂಕಿನಲ್ಲೂ ಮಳೆಯಾಗಿಲ್ಲ’ ಎಂದಲ್ಲ, ‘ಒಂದಾದರೂ ತಾಲೂಕಿನಲ್ಲಿ ಮಳೆಯಾಗಿಲ್ಲ’ ಎಂದು. ದಿನಕ್ಕೆ ಐದು ವಾಕ್ಯಗಳನ್ನು ಪತ್ರಿಕೆಯಿಂದ ಆರಿಸಿ, ಚಿಹ್ನೆಗಳಲ್ಲಿ ಬರೆದು, ನಿಷೇಧಿಸಿ, ಮತ್ತೆ ಕನ್ನಡದಲ್ಲಿ ಬರೆಯಿರಿ. ಜಾರ್ಜ್ ಬೂಲ್ 1854ರಲ್ಲಿ ವಿವರಿಸಿದ ತರ್ಕದ ಬೀಜಗಣಿತವನ್ನು ಕ್ಲಾಡ್ ಶಾನನ್ 1937ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಸ್ವಿಚ್ಚಿನ ಸರ್ಕ್ಯೂಟುಗಳಿಗೆ ಅನ್ವಯಿಸಿದರು. ಡಿಜಿಟಲ್ ಲಾಜಿಕ್ ಎಂಬ ಇನ್ನೊಂದು ವಿಷಯವನ್ನೂ ನೀವು ಓದುತ್ತಿದ್ದರೆ, ಎರಡಕ್ಕೂ ಒಂದೇ ನೋಟ್‌ಬುಕ್ ಇಟ್ಟುಕೊಳ್ಳಬಹುದು.

ಎರಡನೆಯ ಹೆಜ್ಜೆ: ಸೆಟ್ಟು, ಸಂಬಂಧ, ಫಂಕ್ಷನ್

ಸೆಟ್ಟುಗಳು ನಿಮಗೆ ಪ್ರೌಢಶಾಲೆಯಿಂದಲೇ ಪರಿಚಿತ, ಅಲ್ಲಿ ನಿಲ್ಲಬೇಡಿ. ಸಮಯ ಕೊಡಬೇಕಾದದ್ದು ಸಂಬಂಧಗಳಿಗೆ. ನಿಮ್ಮ ತರಗತಿಯ ವಿದ್ಯಾರ್ಥಿಗಳ ಸೆಟ್ಟಿನ ಮೇಲೆ ‘ಇಬ್ಬರೂ ಒಂದೇ ತಾಲೂಕಿನವರು’ ಎಂಬ ಸಂಬಂಧವನ್ನು ಪರೀಕ್ಷಿಸಿ: ಅದು ರಿಫ್ಲೆಕ್ಸಿವ್ (ಪ್ರತಿಯೊಬ್ಬರಿಗೂ ತಮ್ಮೊಂದಿಗೇ ಸಂಬಂಧ), ಸಿಮೆಟ್ರಿಕ್ (ಒಬ್ಬರಿಗೆ ಇನ್ನೊಬ್ಬರ ಸಂಬಂಧವಿದ್ದರೆ ತಿರುಗಿಯೂ ಇರುತ್ತದೆ), ಟ್ರಾನ್ಸಿಟಿವ್ (ಮೊದಲನೆಯವರಿಗೆ ಎರಡನೆಯವರ, ಅವರಿಗೆ ಮೂರನೆಯವರ ಸಂಬಂಧವಿದ್ದರೆ ಮೊದಲನೆಯವರಿಗೆ ಮೂರನೆಯವರದೂ ಇರುತ್ತದೆ) ಮೂರೂ ಹೌದು, ಆದ್ದರಿಂದ ತರಗತಿಯನ್ನು ಒಂದರ ಮೇಲೊಂದು ಬೀಳದ ಗುಂಪುಗಳಾಗಿ ಒಡೆಯುತ್ತದೆ. ‘ಇಬ್ಬರ ಮನೆಗಳ ನಡುವೆ 5 ಕಿಲೋಮೀಟರಿಗಿಂತ ಕಡಿಮೆ ದೂರ’ ಎಂಬುದು ಮೊದಲೆರಡು ಗುಣಗಳನ್ನು ಹೊಂದಿದೆ, ಮೂರನೆಯದನ್ನು ಹೊಂದಿಲ್ಲ, ಹಾಗಾಗಿ ಅದು ಗುಂಪುಗಳನ್ನು ಕೊಡುವುದಿಲ್ಲ. ‘ಭಾಗಿಸುತ್ತದೆ’ ಎಂಬ ಸಂಬಂಧವನ್ನು 1, 2, 3, 4, 6, 12 ಎಂಬ ಸಂಖ್ಯೆಗಳ ಮೇಲೆ ತೆಗೆದುಕೊಂಡು ಹಾಸೆ ಚಿತ್ರ (ಯಾವುದು ಯಾವುದರ ಮೇಲೆ ಎಂದು ಗೆರೆಗಳಿಂದ ತೋರಿಸುವ ಚಿತ್ರ) ಬರೆದರೆ ಪಾರ್ಶಿಯಲ್ ಆರ್ಡರ್ (ಎಲ್ಲ ಜೋಡಿಗಳನ್ನೂ ಹೋಲಿಸಬೇಕಿಲ್ಲದ ಕ್ರಮ) ಮತ್ತು ಅದರ ವಿಶೇಷ ಬಗೆಯಾದ ಲ್ಯಾಟಿಸ್ ಎರಡರ ಬಾಗಿಲೂ ತೆರೆಯುತ್ತದೆ.

ಒಂದು ಅಭ್ಯಾಸವನ್ನು ತಪ್ಪದೆ ಮಾಡಿ. ಮೂರು ಅಂಶಗಳ ಸೆಟ್ಟಿನ ಮೇಲೆ ಒಟ್ಟು 512 ಸಂಬಂಧಗಳಿವೆ, ಏಕೆಂದರೆ 9 ಜೋಡಿಗಳಲ್ಲಿ ಪ್ರತಿಯೊಂದೂ ಇರಬಹುದು ಅಥವಾ ಇಲ್ಲದಿರಬಹುದು. ಅವುಗಳಲ್ಲಿ ಮೇಲಿನ ಮೂರೂ ಗುಣಗಳಿರುವ ಈಕ್ವಿವಲೆನ್ಸ್ ಸಂಬಂಧಗಳು ಕೇವಲ 5. ಆ ಐದನ್ನೂ ಜೋಡಿಗಳ ಪಟ್ಟಿಯಾಗಿ ಬರೆದು, ಆಮೇಲೆ 512ನ್ನೂ ಪ್ರೋಗ್ರಾಂನಿಂದ ಸೃಷ್ಟಿಸಿ ಮೂರು ಗುಣಗಳನ್ನು ಪರೀಕ್ಷಿಸಿ, ಐದೇ ಉಳಿಯುತ್ತವೆಯೇ ಎಂದು ನೋಡಿ. ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ರಿಲೇಶನಲ್ ಮಾದರಿಯ ಮೇಲೆಯೇ ಇಂದಿನ ಬಹುಪಾಲು ಡೇಟಾಬೇಸ್‌ಗಳು ನಿಂತಿರುವುದರಿಂದ, ಇಲ್ಲಿ ಹಾಕಿದ ಶ್ರಮ ಮುಂದಿನ ಸೆಮಿಸ್ಟರಿನಲ್ಲಿ ಎಸ್‌ಕ್ಯೂಎಲ್ ಕಲಿಯುವಾಗ ನೇರವಾಗಿ ಕೈಹಿಡಿಯುತ್ತದೆ.

ಮೂರನೆಯ ಹೆಜ್ಜೆ: ಸಾಧನೆ ಬರೆಯಲು ಕಲಿಯಿರಿ

ಸಣ್ಣ ಉದಾಹರಣೆ ಎಂದರೆ ಸಾಧನೆಯಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಎನ್ ವರ್ಗಕ್ಕೆ ಎನ್ ಮತ್ತು 41ನ್ನು ಕೂಡಿಸಿ ನೋಡಿ: ಎನ್ ಬೆಲೆ 0ಯಿಂದ 39ರವರೆಗೆ ಪ್ರತಿ ಬಾರಿಯೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ, 40ಕ್ಕೆ ಮಾತ್ರ 41ರ ವರ್ಗವಾದ 1681 ಬಂದು ಹೇಳಿಕೆ ಬೀಳುತ್ತದೆ. ನಲವತ್ತು ಸಲ ಸರಿಯಾದದ್ದು ನಲವತ್ತೊಂದನೆಯ ಸಲ ತಪ್ಪಬಹುದು. ಉದಾಹರಣೆಗಳಿಂದ ಹೇಳಿಕೆ ಏನೆಂದು ತಿಳಿಯುತ್ತದೆ, ಅದು ಸದಾ ನಿಜವೆಂದು ತೋರಿಸಲು ಸಾಧನೆಯೇ ಬೇಕು.

ಸಣ್ಣ ಬೆಲೆಗೆ ನಿಜವಾದದ್ದು ಮುಂದಿನದಕ್ಕೂ ನಿಜವೆಂದು ತೋರಿಸಿ ಎಲ್ಲಕ್ಕೂ ಸಾಧಿಸುವ ವಿಧಾನ ಇಂಡಕ್ಷನ್. ಇಂಡಕ್ಷನ್ ಎಂದರೆ ಬಹಳ ಮಂದಿ ಮೊದಲ ಎನ್ ಸಂಖ್ಯೆಗಳ ಮೊತ್ತದ ಲೆಕ್ಕವನ್ನು ಬಾಯಿಪಾಠ ಮಾಡುತ್ತಾರೆ. ಅದರ ಬದಲು ಇದನ್ನು ಯೋಚಿಸಿ: ಊರಿನ ನಾಕೌಟ್ ಕಬಡ್ಡಿ ಪಂದ್ಯಾವಳಿಗೆ ಎನ್ ತಂಡಗಳು ಬಂದಿವೆ, ಸೋತ ತಂಡ ಹೊರಗೆ, ಟೈ ಇಲ್ಲ. ಒಟ್ಟು ಎಷ್ಟು ಪಂದ್ಯಗಳು ನಡೆಯುತ್ತವೆ? ಎರಡು ತಂಡಕ್ಕೆ 1, ಮೂರಕ್ಕೆ 2, ನಾಲ್ಕಕ್ಕೆ 3. ತಂಡಗಳನ್ನು ಎರಡು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ ಪಂದ್ಯಗಳು ನಡೆಯುತ್ತವೆಂದು ಭಾವಿಸಿ, ಕೊನೆಗೆ ಫೈನಲ್ಲಿನ ಒಂದು ಪಂದ್ಯ ಸೇರಿಸಿದರೆ ಒಟ್ಟು ಎನ್‌ಗಿಂತ ಒಂದು ಕಡಿಮೆ ಎಂದು ಬರುತ್ತದೆ. ಇದು ಸ್ಟ್ರಾಂಗ್ ಇಂಡಕ್ಷನ್. ಇದನ್ನೇ ಇನ್ನೊಂದು ರೀತಿಯಲ್ಲಿ ಒಂದೇ ವಾಕ್ಯದಲ್ಲಿ ಸಾಧಿಸಬಹುದು: ಪ್ರತಿ ಪಂದ್ಯ ಸರಿಯಾಗಿ ಒಂದು ತಂಡವನ್ನು ಹೊರಹಾಕುತ್ತದೆ, ಕೊನೆಗೆ ಒಂದೇ ತಂಡ ಉಳಿಯಬೇಕು. ಎರಡು ಸಾಧನೆಗಳನ್ನೂ ಪೂರ್ಣ ವಾಕ್ಯಗಳಲ್ಲಿ ಬರೆದು ಗೆಳೆಯರೊಬ್ಬರಿಗೆ ಓದಲು ಕೊಡಿ. ಅವರು ‘ಇದು ಹೇಗೆ ಬಂತು?’ ಎಂದು ಕೇಳಿದ ಕಡೆಯಲ್ಲೆಲ್ಲ ನಿಮ್ಮ ಬರವಣಿಗೆಯಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿದೆ ಎಂದರ್ಥ. ರಿಕರ್ಶನ್ ಬಳಸುವ, ಅಂದರೆ ತನ್ನನ್ನೇ ಸಣ್ಣ ಇನ್‌ಪುಟ್‌ನೊಂದಿಗೆ ಕರೆಯುವ ಪ್ರೋಗ್ರಾಂಗಳು ಸರಿಯೆಂದು ತೋರಿಸುವುದೂ ಇದೇ ವಿಧಾನದಿಂದ: ಬೇಸ್ ಕೇಸ್ ಸರಿಯಿದೆಯೇ, ಸಣ್ಣ ಇನ್‌ಪುಟ್‌ಗೆ ಸರಿಯಾದ ಉತ್ತರ ಬರುತ್ತದೆಂದು ಒಪ್ಪಿದರೆ ದೊಡ್ಡದಕ್ಕೂ ಬರುತ್ತದೆಯೇ ಎಂದು ಪರೀಕ್ಷಿಸಿದರೆ ಆಯಿತು.

ನಾಲ್ಕನೆಯ ಹೆಜ್ಜೆ: ಎಣಿಕೆಯನ್ನು ಛಂದಸ್ಸಿನಿಂದ ಆರಂಭಿಸಿ

ಕ್ರಮಯೋಜನೆ ಮತ್ತು ವಿಕಲ್ಪಗಳ ಸೂತ್ರಗಳು ಎಲ್ಲರಿಗೂ ನೆನಪಿರುತ್ತವೆ, ಯಾವುದನ್ನು ಎಲ್ಲಿ ಬಳಸಬೇಕೆಂಬುದು ಗೊಂದಲವಾಗುತ್ತದೆ. ಕನ್ನಡ ಓದಿದವರಿಗೆ ಇದಕ್ಕೊಂದು ಉತ್ತಮ ದಾರಿಯಿದೆ. ಪ್ರೌಢಶಾಲೆಯಲ್ಲಿ ನೀವು ಪದ್ಯಕ್ಕೆ ಪ್ರಸ್ತಾರ ಹಾಕಿದ್ದೀರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅದೇ ನೋಟ್‌ಬುಕ್ಕನ್ನು ಮತ್ತೆ ತೆರೆಯಿರಿ.

ಮೊದಲು ಅಕ್ಷರಗಣ. ಮೂರು ಅಕ್ಷರಗಳು, ಪ್ರತಿಯೊಂದೂ ಲಘು ಅಥವಾ ಗುರು, ಆದ್ದರಿಂದ 2 ಗುಣಿಸು 2 ಗುಣಿಸು 2, ಒಟ್ಟು 8 ಗಣಗಳು. ಇದು ಗುಣಾಕಾರ ನಿಯಮ. ಲಘುವನ್ನು 0, ಗುರುವನ್ನು 1 ಎಂದು ಬರೆದರೆ ಇವು ಮೂರು ಬಿಟ್ಟಿನ ಎಂಟು ಸಂಖ್ಯೆಗಳು. ‘ಯಮಾತಾರಾಜಭಾನಸಲಗಂ’ ಎಂಬ ಹತ್ತು ಅಕ್ಷರಗಳ ಸೂತ್ರವನ್ನು ಒಂದೊಂದೇ ಅಕ್ಷರ ಮುಂದೆ ಸರಿಸುತ್ತಾ ಮೂರು ಮೂರಾಗಿ ಓದಿದರೆ ಎಂಟೂ ಗಣಗಳು ಒಂದೊಂದೇ ಬಾರಿ ಬರುತ್ತವೆ. ಕಂಪ್ಯೂಟರ್ ವಿಜ್ಞಾನದಲ್ಲಿ ಇಂಥ ಸಾಲುಗಳನ್ನು ಡಿ ಬ್ರಾಯ್ನ್ ಅನುಕ್ರಮಗಳೆಂದು ಅಧ್ಯಯನ ಮಾಡುತ್ತಾರೆ. ಮೂರರ ಬದಲು ನಾಲ್ಕು ಬಿಟ್ಟುಗಳಿಗೆ ಅಂಥದೊಂದು ಸಾಲನ್ನು ನೀವೇ ಕಟ್ಟಲು ಪ್ರಯತ್ನಿಸಿ. ಕಷ್ಟವಾದರೆ ಗ್ರಾಫಿನ ಅಧ್ಯಾಯ ಮುಗಿದ ಮೇಲೆ ಮತ್ತೆ ಬನ್ನಿ, ಅಲ್ಲಿ ಬರುವ ಆಯ್ಲರ್ ಸರ್ಕ್ಯೂಟ್ ಬಳಸಿ ಅದನ್ನು ಕಟ್ಟಬಹುದು.

ಈಗ ಮಾತ್ರಾಗಣ. ಎನ್ ಮಾತ್ರೆಗಳನ್ನು ಲಘು ಗುರುಗಳಿಂದ ಎಷ್ಟು ಬಗೆಯಲ್ಲಿ ತುಂಬಬಹುದು? ಕೊನೆಯ ಅಕ್ಷರ ಲಘುವಾದರೆ ಅದರ ಹಿಂದೆ ಎನ್‌ಗಿಂತ ಒಂದು ಕಡಿಮೆ ಮಾತ್ರೆ ಉಳಿಯುತ್ತದೆ, ಗುರುವಾದರೆ ಎರಡು ಕಡಿಮೆ. ಎರಡೂ ಸಂದರ್ಭಗಳು ಬೇರೆ ಬೇರೆಯಾದ್ದರಿಂದ ಕೂಡಿಸಬೇಕು. ಹೀಗೆ ಬಂದದ್ದೇ ರಿಕರೆನ್ಸ್: ಹಿಂದಿನ ಎರಡು ಬೆಲೆಗಳ ಮೊತ್ತ. 1, 2, 3, 5, 8, 13 ಎಂದು ಸಾಗುವ ಈ ಸಂಖ್ಯೆಗಳನ್ನು ಹೇಮಚಂದ್ರನು 12ನೆಯ ಶತಮಾನದಲ್ಲಿ ಛಂದಸ್ಸಿನ ಚರ್ಚೆಯಲ್ಲಿಯೇ ವಿವರಿಸಿದ್ದನು. ಫಿಬೊನಾಚಿಯ ಗ್ರಂಥ ಬಂದದ್ದು 1202ರಲ್ಲಿ. ಮೂರು ಮಾತ್ರೆಗೆ 3 ಮತ್ತು ನಾಲ್ಕು ಮಾತ್ರೆಗೆ 5 ಬಗೆಗಳನ್ನು ಪ್ರಸ್ತಾರ ಹಾಕಿ ಬರೆದು ನೋಡಿಯೇ ಮುಂದೆ ಹೋಗಿ.

ನಮ್ಮ ಯಕ್ಷಗಾನ ಪ್ರಸಂಗಗಳಲ್ಲಿ ಭಾಮಿನಿ ಷಟ್ಪದಿಯನ್ನು ಕೇಳದವರು ಇಲ್ಲ. ಅದರ ಮೊದಲ ಸಾಲಿನಲ್ಲಿ 3, 4, 3, 4 ಎಂದು ಒಟ್ಟು 14 ಮಾತ್ರೆಗಳು. ಗಣದ ಗಡಿಯನ್ನು ಲೆಕ್ಕಿಸದೆ 14 ಮಾತ್ರೆಗಳನ್ನು ತುಂಬಿದರೆ ರಿಕರೆನ್ಸಿನ ಪ್ರಕಾರ 610 ಬಗೆಗಳು ಸಿಗುತ್ತವೆ. ಗಣಗಳ ಗಡಿಯನ್ನು ಪಾಲಿಸಬೇಕೆಂದರೆ 3 ಗುಣಿಸು 5 ಗುಣಿಸು 3 ಗುಣಿಸು 5, ಅಂದರೆ 225. ಗಣದ ಆರಂಭದಲ್ಲಿ ಲಘುವಿನ ನಂತರ ಗುರು ಬರಬಾರದೆಂಬ ಲಕ್ಷಣವನ್ನೂ ಸೇರಿಸಿದರೆ ಮೂರು ಮಾತ್ರೆಯ ಗಣಕ್ಕೆ 2, ನಾಲ್ಕರದಕ್ಕೆ 4 ಬಗೆಗಳು ಉಳಿದು ಒಟ್ಟು 64 ಆಗುತ್ತದೆ. ನಿಯಮ ಬಿಗಿಯಾದಂತೆ ಎಣಿಕೆ ಹೇಗೆ ಬದಲಾಗುತ್ತದೆ, ಎಲ್ಲಿ ಕೂಡಿಸಬೇಕು, ಎಲ್ಲಿ ಗುಣಿಸಬೇಕು ಎಂಬುದು ಈ ಒಂದೇ ಸಾಲಿನಲ್ಲಿ ಸಿಗುತ್ತದೆ. ಮೂರೂ ಉತ್ತರಗಳನ್ನು ಪೈಥಾನ್‌ನಲ್ಲಿ ಎಲ್ಲ ಬಗೆಗಳನ್ನು ಸೃಷ್ಟಿಸಿ ತಾಳೆ ನೋಡಿ. 14 ಮಾತ್ರೆಗಳಲ್ಲಿ ಸರಿಯಾಗಿ 4 ಗುರುಗಳಿರಬೇಕೆಂದರೆ ಅಕ್ಷರಗಳು 10 ಆಗುತ್ತವೆ, ಅವುಗಳಲ್ಲಿ ಗುರುವಿನ 4 ಸ್ಥಾನಗಳನ್ನು ಆರಿಸುವ ಬಗೆಗಳು 210. ವಿಕಲ್ಪದ ಸೂತ್ರ ಬೇಕಾಗುವುದು ಇಲ್ಲಿ.

ಇಷ್ಟಾದ ಮೇಲೆ ಪಾರಿವಾಳ ಗೂಡಿನ ತತ್ವ ಮತ್ತು ಇನ್‌ಕ್ಲೂಶನ್-ಎಕ್ಸ್‌ಕ್ಲೂಶನ್ ಪಠ್ಯಪುಸ್ತಕದ ಲೆಕ್ಕಗಳಿಂದಲೇ ಬರುತ್ತವೆ. ಅವಕ್ಕೆ ಮೂರು ನಾಲ್ಕು ದಿನ ಸಾಕು.

ಐದನೆಯ ಹೆಜ್ಜೆ: ಶೇಷದ ಗಣಿತ

ಭಾಗಿಸಿದಾಗ ಉಳಿಯುವ ಶೇಷಗಳಿಂದಲೇ ಲೆಕ್ಕ ಮಾಡುವ ಮಾಡ್ಯುಲರ್ ಅಂಕಗಣಿತ ಕೆಲವು ಪಠ್ಯಕ್ರಮಗಳಲ್ಲಿ ಇಲ್ಲ. ಇರದಿದ್ದರೂ ಕಲಿಯಿರಿ. ಯಾವುದಾದರೂ ಪುಸ್ತಕದ ಹಿಂಬದಿಯ 13 ಅಂಕಿಗಳ ಐಎಸ್‌ಬಿಎನ್ ತೆಗೆದುಕೊಂಡು ಅಂಕಿಗಳನ್ನು ಅನುಕ್ರಮವಾಗಿ 1, 3, 1, 3 ಎಂದು ಗುಣಿಸಿ ಕೂಡಿಸಿದರೆ ಮೊತ್ತ 10ರ ಗುಣಕವಾಗಿರುತ್ತದೆ. ಒಂದು ಅಂಕಿ ತಪ್ಪಿದರೆ ಆ ಗುಣ ಹೋಗಿ ತಪ್ಪು ಗೊತ್ತಾಗುತ್ತದೆ. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥ ಪರೀಕ್ಷೆಗೇ ಇದೆ, ಅಲ್ಲಿ ಬಳಸುವ ವರ್ಹೂಫ್ ವಿಧಾನ ಗ್ರೂಪ್ ಥಿಯರಿಯನ್ನು ಆಧರಿಸಿದೆ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಆಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನವನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು: 3 ಮತ್ತು 11 ಎಂಬ ಅವಿಭಾಜ್ಯಗಳ ಗುಣಲಬ್ಧ 33, ಬಹಿರಂಗ ಘಾತ 3, ಗುಪ್ತ ಘಾತ 7 ಎಂದಿಟ್ಟುಕೊಳ್ಳಿ. 4ರ ಘನ 64, ಅದನ್ನು 33ರಿಂದ ಭಾಗಿಸಿದರೆ ಶೇಷ 31. ಈ 31ನ್ನು 7ನೆಯ ಘಾತಕ್ಕೆ ಏರಿಸಿ 33ರಿಂದ ಭಾಗಿಸಿದರೆ ಶೇಷ ಮತ್ತೆ 4. 31ರ ಬದಲು ಋಣ 2 ಎಂದು ತೆಗೆದುಕೊಂಡರೆ ಲೆಕ್ಕ ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಅದು ಏಕೆ ಸಾಧುವೆಂದು ಬರೆದರೆ ಈ ಅಧ್ಯಾಯದ ಮುಖ್ಯ ಮಾತು ಬಂದಂತೆ.

ಆರನೆಯ ಹೆಜ್ಜೆ: ಗ್ರಾಫನ್ನು ಜಿಲ್ಲೆಯ ರಸ್ತೆಗಳ ಮೇಲೆ ಓದಿ

ಗ್ರಾಫ್ ಥಿಯರಿಯ ಆರಂಭವನ್ನು ಸಾಮಾನ್ಯವಾಗಿ 1736ರಲ್ಲಿ ಆಯ್ಲರ್ ಬಿಡಿಸಿದ ಕೋನಿಗ್ಸ್‌ಬರ್ಗ್‌ನ ಏಳು ಸೇತುವೆಗಳ ಸಮಸ್ಯೆಯಿಂದ ಹೇಳುತ್ತಾರೆ. ಅದನ್ನು ಓದಿದ ಮೇಲೆ ನಮ್ಮ ಜಿಲ್ಲೆಯ ನಕ್ಷೆಯನ್ನು ಮುಂದಿಟ್ಟುಕೊಳ್ಳಿ. ಅಂಕೋಲಾ, ಕುಮಟಾ, ಹೊನ್ನಾವರ, ಸಿದ್ದಾಪುರ, ಶಿರಸಿ, ಯಲ್ಲಾಪುರ ಎಂಬ ಆರು ಊರುಗಳನ್ನು ಬಿಂದುಗಳಾಗಿ ಬರೆಯಿರಿ. ಈಗ ರಸ್ತೆಗಳು: ಕರಾವಳಿಯ ಹೆದ್ದಾರಿಯಲ್ಲಿ ಅಂಕೋಲಾದಿಂದ ಕುಮಟಾ, ಕುಮಟಾದಿಂದ ಹೊನ್ನಾವರ. ಘಟ್ಟ ಹತ್ತಿ ಹೊನ್ನಾವರದಿಂದ ಸಿದ್ದಾಪುರ. ಮೇಲೆ ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ. ಅರಬೈಲ್ ಘಟ್ಟ ಇಳಿದು ಯಲ್ಲಾಪುರದಿಂದ ಅಂಕೋಲಾ. ನಡುವೆ ದೇವಿಮನೆ ಘಟ್ಟದ ಮೂಲಕ ಕುಮಟಾದಿಂದ ಶಿರಸಿ. ಪ್ರತಿ ರಸ್ತೆಯೂ ಗ್ರಾಫಿನ ಒಂದು ಅಂಚು, ಒಟ್ಟು 7 ಅಂಚುಗಳು.

ಪ್ರತಿ ಊರಿನ ಡಿಗ್ರಿ, ಅಂದರೆ ಅದಕ್ಕೆ ಸೇರುವ ಅಂಚುಗಳ ಸಂಖ್ಯೆ ಬರೆಯಿರಿ. ಕುಮಟಾ ಮತ್ತು ಶಿರಸಿಗೆ 3, ಉಳಿದ ನಾಲ್ಕಕ್ಕೆ 2. ಮೊತ್ತ 14, ಅಂದರೆ ಅಂಚುಗಳ ಎರಡರಷ್ಟು. ಇದು ಯಾವ ಗ್ರಾಫಿಗೂ ನಿಜ, ಏಕೆಂದರೆ ಪ್ರತಿ ಅಂಚನ್ನೂ ಅದರ ಎರಡು ತುದಿಗಳಲ್ಲಿ ಒಂದೊಂದು ಸಲ ಎಣಿಸಿರುತ್ತೇವೆ. ಪ್ರತಿ ರಸ್ತೆಯಲ್ಲೂ ಸರಿಯಾಗಿ ಒಂದು ಬಾರಿ ಸಂಚರಿಸಬಹುದೇ? ಬೆಸ ಡಿಗ್ರಿಯ ಊರುಗಳು ಎರಡೇ ಇರುವುದರಿಂದ ಸಾಧ್ಯ, ಆದರೆ ಕುಮಟಾದಲ್ಲಿ ಹೊರಟು ಶಿರಸಿಯಲ್ಲಿಯೇ ಮುಗಿಸಬೇಕು, ಅಥವಾ ಅದರ ತಿರುಗುಮುರುಗು: ಕುಮಟಾ, ಅಂಕೋಲಾ, ಯಲ್ಲಾಪುರ, ಶಿರಸಿ, ಕುಮಟಾ, ಹೊನ್ನಾವರ, ಸಿದ್ದಾಪುರ, ಶಿರಸಿ. ಹೊರಟ ಊರಿಗೇ ಮರಳುವ ಆಯ್ಲರ್ ಸರ್ಕ್ಯೂಟ್ ಇಲ್ಲಿ ಇಲ್ಲ. ಪ್ರತಿ ಊರನ್ನೂ ಒಂದೇ ಬಾರಿ ಮುಟ್ಟಿ ಮರಳುವ ಹ್ಯಾಮಿಲ್ಟನ್ ಸರ್ಕ್ಯೂಟ್ ಮಾತ್ರ ಇದೆ. ಈ ಎರಡರ ನಡುವೆ ಗೊಂದಲವಾಗುವವರಿಗೆ ಒಂದೇ ಚಿತ್ರದಲ್ಲಿ ಎರಡನ್ನೂ ಹುಡುಕುವುದೇ ಉತ್ತಮ ಮದ್ದು.

ಈಗ ದೊಡ್ಮನೆ ಘಟ್ಟದ ಮೂಲಕ ಹೋಗುವ ಕುಮಟಾ–ಸಿದ್ದಾಪುರ ರಸ್ತೆಯನ್ನು ಸೇರಿಸಿ. ಕುಮಟಾದ ಡಿಗ್ರಿ 4 ಆಗಿ ಸಮವಾಯಿತು, ಸಿದ್ದಾಪುರ 3 ಆಗಿ ಬೆಸವಾಯಿತು, ಹಾಗಾಗಿ ಪ್ರಯಾಣದ ತುದಿಗಳು ಶಿರಸಿ ಮತ್ತು ಸಿದ್ದಾಪುರಕ್ಕೆ ಬದಲಾದವು. ಬಣ್ಣ ಹಚ್ಚುವ ಲೆಕ್ಕವೂ ಬದಲಾಗುತ್ತದೆ. ಮೊದಲಿನ ಗ್ರಾಫಿನಲ್ಲಿ ರಸ್ತೆಯಿಂದ ಕೂಡಿದ ಊರುಗಳಿಗೆ ಬೇರೆ ಬೇರೆ ಬಣ್ಣ ಕೊಡಲು ಎರಡೇ ಸಾಕಾಗಿತ್ತು, ಅಂದರೆ ಅದು ಬೈಪಾರ್ಟೈಟ್. ಈಗ ಕುಮಟಾ, ಹೊನ್ನಾವರ, ಸಿದ್ದಾಪುರಗಳ ತ್ರಿಕೋನ ಉಂಟಾದದ್ದರಿಂದ ಮೂರು ಬೇಕು.

ಕನೆಕ್ಟಿವಿಟಿ ಎಂಬ ವಿಷಯ ನಮ್ಮಲ್ಲಿ ಪುಸ್ತಕದೊಳಗೆ ಉಳಿಯುವಂಥದ್ದಲ್ಲ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ನಿಂತಿತು. ನಮ್ಮ ಚಿತ್ರದಲ್ಲಿ ಅದು ಅಂಕೋಲಾ–ಕುಮಟಾ ಅಂಚು. ಆ ಅಂಚನ್ನು ಅಳಿಸಿದರೂ ಯಲ್ಲಾಪುರ, ಶಿರಸಿಗಳ ಮೂಲಕ ಎರಡೂ ಊರುಗಳು ಕೂಡಿಯೇ ಇರುತ್ತವೆ. ಇನ್ನೂ ಯಾವ ಒಂದು ಅಂಚು ಹೋದರೆ ಗ್ರಾಫ್ ಒಡೆಯುತ್ತದೆ ಎಂದು ಹುಡುಕಿ: ಯಲ್ಲಾಪುರ–ಅಂಕೋಲಾ ಹೋದರೆ ಅಂಕೋಲಾ ಒಂಟಿಯಾಗುತ್ತದೆ, ಶಿರಸಿ–ಯಲ್ಲಾಪುರ ಹೋದರೆ ಆ ಎರಡೂ ಊರುಗಳು ಉಳಿದವುಗಳಿಂದ ಬೇರೆಯಾಗುತ್ತವೆ. ಇವೇ ಬ್ರಿಡ್ಜ್ ಎಂದು ಕರೆಯುವ ಅಂಚುಗಳು. ನಿಜವಾದ ಜಿಲ್ಲೆಯಲ್ಲಿ ಇನ್ನೂ ಹಲವು ರಸ್ತೆಗಳಿವೆ, ಅವನ್ನೂ ಕಾರವಾರ, ಭಟ್ಕಳ, ಮುಂಡಗೋಡ, ಹಳಿಯಾಳಗಳನ್ನೂ ಸೇರಿಸಿ ದೊಡ್ಡ ಗ್ರಾಫ್ ಮಾಡಿ, ಕಿಲೋಮೀಟರುಗಳನ್ನು ಅಂಚುಗಳ ತೂಕವಾಗಿ ಹಾಕಿ, ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಅಲ್ಗಾರಿದಮ್ಮಿನಿಂದ ಅತಿ ಹತ್ತಿರದ ದಾರಿಯನ್ನು ಮೊದಲು ಕೈಯಲ್ಲಿ ಕೋಷ್ಟಕ ಹಾಕಿ, ಆಮೇಲೆ ಪ್ರೋಗ್ರಾಂ ಬರೆದು ಕಂಡುಹಿಡಿಯಿರಿ. ಎಲ್ಲ ಊರುಗಳನ್ನೂ ಅತಿ ಕಡಿಮೆ ಉದ್ದದ ಕೇಬಲ್ಲಿನಿಂದ ಕೂಡಿಸುವ ದಾರಿಯನ್ನು ಇದೇ ಚಿತ್ರದಲ್ಲಿ ಹುಡುಕಿದರೆ ಮಿನಿಮಮ್ ಸ್ಪ್ಯಾನಿಂಗ್ ಟ್ರೀ ಕೂಡ ಆಗುತ್ತದೆ.

ವಾರದ ಹೊಂದಿಕೆ ಮತ್ತು ಸಾಮಗ್ರಿ

ಸೆಮಿಸ್ಟರಿನಲ್ಲಿ ತರ್ಕಕ್ಕೆ ಎರಡು ವಾರ, ಸಂಬಂಧಗಳಿಗೆ ಎರಡು, ಸಾಧನೆಗೆ ಎರಡು, ಎಣಿಕೆ ಮತ್ತು ರಿಕರೆನ್ಸಿಗೆ ಮೂರು, ಗ್ರಾಫಿಗೆ ಮೂರು ವಾರ ಇಟ್ಟುಕೊಂಡರೆ ಉಳಿದವುಗಳಿಗೂ ಪುನರಾವರ್ತನೆಗೂ ಸಮಯ ಸಿಗುತ್ತದೆ. ದಿನಕ್ಕೆ ಒಂದು ಗಂಟೆ ಬರೆಯುವುದು ಭಾನುವಾರ ಐದು ಗಂಟೆ ಓದುವುದಕ್ಕಿಂತ ಮೇಲು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಈ ವಿಷಯದ ಪಾಠಗಳು ಉಚಿತವಾಗಿ ಸಿಗುತ್ತವೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವುದರಿಂದ ವಾರದ ಪಾಠವನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಎಂಟೆಕ್ ಪ್ರವೇಶದ ಗೇಟ್ ಪರೀಕ್ಷೆಯ ಆಲೋಚನೆಯಿರುವವರು ಗ್ರೂಪ್, ಲ್ಯಾಟಿಸ್, ಮ್ಯಾಚಿಂಗ್ ಮತ್ತು ಜನರೇಟಿಂಗ್ ಫಂಕ್ಷನ್‌ಗಳನ್ನೂ ಸೇರಿಸಿಕೊಳ್ಳಬೇಕು, ಕಂಪ್ಯೂಟರ್ ಸೈನ್ಸ್ ಪತ್ರಿಕೆಯ ಪಠ್ಯಕ್ರಮದಲ್ಲಿ ಇವೆಲ್ಲ ಇವೆ.

ಪರೀಕ್ಷೆಯ ಹಾಳೆಯಲ್ಲಿ

ಉತ್ತರವನ್ನು ವ್ಯಾಖ್ಯೆಯಿಂದ ಆರಂಭಿಸಿ. ಸಂಬಂಧ ಟ್ರಾನ್ಸಿಟಿವ್ ಅಲ್ಲವೆಂದು ಹೇಳುವಾಗ ಅದನ್ನು ಮುರಿಯುವ ಜೋಡಿಗಳನ್ನು ಹೆಸರಿಸಿ ತೋರಿಸಿ. ಇಂಡಕ್ಷನ್‌ನಲ್ಲಿ ಏನನ್ನು ಭಾವಿಸುತ್ತಿದ್ದೀರಿ, ಏನನ್ನು ಸಾಧಿಸಬೇಕು ಎಂಬುದನ್ನು ಎರಡು ಬೇರೆ ವಾಕ್ಯಗಳಲ್ಲಿ ಬರೆಯಿರಿ. ಮುಗಿಸಿದ ಮೇಲೆ ಪ್ರತಿ ಉತ್ತರಕ್ಕೂ ಅರ್ಧ ನಿಮಿಷದ ತಪಾಸಣೆ ಇರಲಿ: ಟ್ರುತ್ ಟೇಬಲ್‌ನಲ್ಲಿ ಮೂರು ಚರಗಳಿಗೆ 8 ಸಾಲುಗಳಿವೆಯೇ, ರಿಕರೆನ್ಸಿನ ಉತ್ತರಕ್ಕೆ ಎನ್ ಬೆಲೆ 1 ಮತ್ತು 2 ಹಾಕಿದರೆ ಮೊದಲು ಕೊಟ್ಟ ಬೆಲೆಗಳು ಬರುತ್ತವೆಯೇ, ಗ್ರಾಫಿನ ಡಿಗ್ರಿಗಳ ಮೊತ್ತ ಸಮಸಂಖ್ಯೆಯೇ, ಎಣಿಕೆಯ ಸೂತ್ರ ಬೆರಳೆಣಿಕೆಯ ಸಣ್ಣ ಉದಾಹರಣೆಗೆ ಸರಿಹೊಂದುತ್ತದೆಯೇ. ಹೊಂದದಿದ್ದರೆ ತಪ್ಪು ಹುಡುಕಲು ಆ ಸಣ್ಣ ಉದಾಹರಣೆಯ ಪೂರ್ಣ ಪಟ್ಟಿಯನ್ನು ಹಾಳೆಯ ಬದಿಯಲ್ಲಿ ಬರೆದು, ಯಾವುದನ್ನು ಎರಡು ಸಲ ಎಣಿಸಿದ್ದೀರಿ ಅಥವಾ ಯಾವುದನ್ನು ಬಿಟ್ಟಿದ್ದೀರಿ ಎಂದು ನೋಡಿ.